ಯಾರ ನೆರವೂ ಇಲ್ಲದೆ

ಮಾರ್ಚ್ ೧೧

ತಮ್ಮಾ,

ಮೊದಲು ಆ ಇಳಿಜಾರಿನ ಖರ್ಚು ಹೇಳಿಬಿಡುತ್ತೇನೆ, ಮಿಕ್ಕಿದ್ದು ಆಮೇಲೆ. ಕಬ್ಬಿಣದ ಪೈಪು, ತಗಡು ನಲವತ್ತೊಂದು ಸಾವಿರದ ಇನ್ನೂರು. ಸಿಮೆಂಟು, ಮರಳು, ಜಲ್ಲಿ ಒಂಬತ್ತು ಸಾವಿರದ ಆರುನೂರು. ಆರು ಜನ ಮೂರು ದಿನ ದುಡಿದ ಕೂಲಿ ಹದಿನಾಲ್ಕು ಸಾವಿರದ ನಾನೂರು. ಇಲ್ಲಿಂದ ನಿಮ್ಮೂರಿಗೆ ಲಾರಿ ಬಾಡಿಗೆ ಐದೂವರೆ ಸಾವಿರ. ಗಾಲಿ ಜಾರದಿರಲೆಂದು ಹಾಸಿದ ರಬ್ಬರು ಮೂರು ಸಾವಿರದ ಎಂಟುನೂರು. ಹೂಕುಂಡ ಎರಡು, ಸಾಹೇಬರ ಅಪ್ಪಣೆಯಂತೆ, ಸಾವಿರದ ಮುನ್ನೂರು. ಫೋಟೊದವನಿಗೆ ಎರಡೂವರೆ ಸಾವಿರ. ತಪಾಸಣೆಗೆ ಬಂದ ನಾಲ್ವರ ಟೀ ಬಿಸ್ಕತ್ತು ಆರುನೂರ ನಲವತ್ತು. ಒಟ್ಟು ಎಪ್ಪತ್ತೆಂಟು ಸಾವಿರದ ಒಂಬೈನೂರ ನಲವತ್ತು. ಬಿಲ್ಲು ತೊಂಬತ್ತಾರು ಸಾವಿರಕ್ಕೆ ಪಾಸಾಯಿತು, ಅದೂ ಹನ್ನೆರಡು ದಿನದಲ್ಲಿ. ವೆಲ್ಡಿಂಗ್ ಶೆಡ್ಡು ಇಟ್ಟು ಇಪ್ಪತ್ತಾರು ವರ್ಷವಾಯಿತು, ಸರ್ಕಾರಕ್ಕೆ ಇಂಥ ಅವಸರ ನಾನು ಕಂಡದ್ದಿಲ್ಲ.

ಅವಸರ ಯಾಕೆಂದು ಕಚೇರಿಯ ಗುಮಾಸ್ತೆ ಹೇಳಿದಳು. ಈ ತಿಂಗಳ ಕೊನೆಯೊಳಗೆ ಎಲ್ಲ ಕಚೇರಿಗೂ ಗಾಲಿಕುರ್ಚಿ ಏರುವ ಇಳಿಜಾರು ಇರಬೇಕು, ಇಲ್ಲದಿದ್ದರೆ ಮುಂದಿನ ವರ್ಷದ ಅನುದಾನ ಅರ್ಧ. ವಿಶೇಷಚೇತನರ ಕಲ್ಯಾಣ ಕಚೇರಿ ಅನ್ನೋ ಬೋರ್ಡು ಹೊತ್ತ ಕಟ್ಟಡಕ್ಕೇ ಮೂವತ್ತು ವರ್ಷದಿಂದ ಐದು ಮೆಟ್ಟಿಲು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಒಳಗೆ ಕೂತವರು ಯಾರ ಕಲ್ಯಾಣ ನೋಡಿಕೊಳ್ಳುತ್ತಿದ್ದರೋ ದೇವರಿಗೇ ಗೊತ್ತು.

ಅಲ್ಲಿನ ಉಪನಿರ್ದೇಶಕರಿಗೆ ನಮ್ಮ ಹುಡುಗರು ನೆರಳು ಸಾಹೇಬ ಅಂತ ಹೆಸರಿಟ್ಟಿದ್ದಾರೆ. ಯಾಕೆಂದರೆ ನಿಯಮದ ಪ್ರಕಾರ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಆ ಜಗಲಿ ಮುಕ್ಕಾಲು ಮೀಟರ್ ಎತ್ತರ, ಹಾಗಾಗಿ ಇಳಿಜಾರು ಒಂಬತ್ತು ಮೀಟರ್. ನಾನು ಸುಣ್ಣದಲ್ಲಿ ಗೆರೆ ಎಳೆದು ತೋರಿಸಿದೆ. ಅವರು ಗೆರೆಯನ್ನೂ ನೆರಳಲ್ಲಿ ನಿಂತ ತಮ್ಮ ಕಾರನ್ನೂ ನೋಡಿದರು.

"ಇಷ್ಟುದ್ದ ಬಂದ್ರೆ ಕಾರು ಎಲ್ಲಿ ನಿಲ್ಲತ್ತಮ್ಮ?"

"ಬಿಸಿಲಲ್ಲಿ ನಿಲ್ಲತ್ತೆ ಸಾರ್."

"ನಾಲ್ಕು ಮೀಟರಲ್ಲಿ ಮುಗಿಸಿ."

"ತುಂಬ ಕಡಿದಾಗತ್ತೆ ಸಾರ್."

"ಏರೋರಿಗೆ ಕಡಿದು. ಇಳಿಯೋರಿಗೆ ಸಲೀಸು ತಾನೆ."

ಹಣ ಕೊಡುವವರು ಅವರು. ನಾಲ್ಕು ಮೀಟರಿಗೆ ಮುಗಿಸಿದೆ.

ನೀನು ಅವತ್ತು ಬಂದು ಫೋಟೊಗೆ ಕೂತದ್ದು ದೊಡ್ಡ ಉಪಕಾರ. ಗಾಲಿಕುರ್ಚಿಯವರೊಬ್ಬರು ಏರುತ್ತಿರುವ ಚಿತ್ರವಿಲ್ಲದೆ ಬಿಲ್ಲು ಮುಂದೆ ಹೋಗುವುದಿಲ್ಲವಂತೆ. ಪೂರ್ಣತಾ ಪ್ರಮಾಣಪತ್ರದಲ್ಲಿ ಹದಿನಾಲ್ಕು ಸಾಲು, ಎಲ್ಲದರ ಮುಂದೆಯೂ ಗುರುತು ಹಾಕಿ ಸಹಿ ಮಾಡಿದೆ. ಫೋನಿನಲ್ಲಿ ಹೇಳೋಣವೆಂದರೆ ನೀನು "ಸರಿ" ಅಂದು ಇಟ್ಟುಬಿಡುತ್ತೀಯ, ಅದಕ್ಕೆ ಕಾಗದ. ಕುರ್ಚಿಗೆ ಗಾಳಿ ತುಂಬುವ ದಿಂಬೊಂದು ಕಳಿಸಿದ್ದೇನೆ. ಅದು ಮೇಲಿನ ಲೆಕ್ಕದಲ್ಲಿ ಸೇರಿಲ್ಲ.

ಇಂತು,
ಅಕ್ಕ

ಮಾರ್ಚ್ ೨೩

ಅಕ್ಕ,

ದಿಂಬು ಚೆನ್ನಾಗಿದೆ. ಲೆಕ್ಕವೂ ಚೆನ್ನಾಗಿದೆ, ಒಂದು ಸಾಲು ಬಿಟ್ಟುಹೋಗಿದೆ. ತಳ್ಳಿದ ಕೂಲಿ.

ಕೆಳಗಿನಿಂದ ನನ್ನನ್ನು ತಳ್ಳಿಕೊಂಡು ಹೋದದ್ದು ನೀನು. ಕಬ್ಬಿಣ ಎತ್ತಿ ಪಳಗಿದವಳಿಗೆ ಅರ್ಧ ದಾರಿಯಲ್ಲೇ ಏದುಸಿರು. ಮುಕ್ಕಾಲು ಭಾಗ ಏರಿದಾಗ ಫೋಟೊದವನು, "ಮೇಡಂ, ನೀವು ಫ್ರೇಮಿಂದ ಆಚೆ ಹೋಗಿ" ಅಂದ. ನೀನು ಹೂಕುಂಡದ ಹಿಂದೆ ಕುಕ್ಕರುಗಾಲಲ್ಲಿ ಕೂತೆ. ನಾನು ಎರಡು ಕೈಯಲ್ಲೂ ಗಾಲಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದೆ. ಅವನು, "ಕೈ ಮೇಲೆತ್ತಿ ಸಾರ್, ಗೆದ್ದೋರ ಥರ" ಅಂದ. ಹೇಳಿದ ಮಾತು ಕೇಳುವ ಪ್ರಜೆ ನಾನು, ಎತ್ತಿದೆ. ಕೈ ಮೇಲೆ ಹೋಯಿತು, ಕುರ್ಚಿ ಹಿಂದಕ್ಕೆ ಹೋಯಿತು. ಚಿತ್ರದಲ್ಲಿ ನನ್ನ ಬಾಯಿ ಅಷ್ಟಗಲ ತೆರೆದಿರುವುದು ಸಂತೋಷಕ್ಕಲ್ಲ. ನಾನು ಆ ಹೊತ್ತಿಗೆ "ಹಿಡ್ಕೊಳೇ" ಎಂದು ಕೂಗುತ್ತಿದ್ದೆ. ಕುಂಡದ ಪಕ್ಕದಲ್ಲಿ ನಿನ್ನ ಬೂಟಿನ ಮೂತಿ ಬಿದ್ದಿದೆ, ನೋಡಿಕೊ.

ಮೊನ್ನೆ ಕ್ರೇನಮ್ಮನ ಜೊತೆ ಹೋಗಿ ರಸಮಟ್ಟ ಇಟ್ಟು ಅಳೆದೆ. (ಕ್ರೇನಮ್ಮ ಎಂದರೆ ನನ್ನ ಸಹಾಯಕಿ. ಬೆಳಿಗ್ಗೆ ಹಾಸಿಗೆಯಿಂದ ಕುರ್ಚಿಗೆ, ಸಂಜೆ ಕುರ್ಚಿಯಿಂದ ಹಾಸಿಗೆಗೆ ನನ್ನನ್ನು ಎತ್ತಿ ಹಾಕುವವಳು. ಹೆಸರು ಅವಳೇ ಇಟ್ಟುಕೊಂಡದ್ದು.) ಒಂದು ಅಡಿ ಎತ್ತರಕ್ಕೆ ಐದೂಕಾಲು ಅಡಿ ಉದ್ದ. ಅಂಗಡಿಯವರ ತಕ್ಕಡಿ ಇಷ್ಟು ತಪ್ಪಿದ್ದರೆ ನಾನು ರಿಪೇರಿಗೇ ತೆಗೆದುಕೊಳ್ಳುವುದಿಲ್ಲ, ಗುಜರಿಗೆ ಹಾಕಿ ಅನ್ನುತ್ತೇನೆ. ಅವತ್ತು ನನ್ನನ್ನು ಮೇಲಕ್ಕೆ ಹತ್ತಿಸಲು ಕ್ರೇನಮ್ಮನ ಜೊತೆ ದಾರಿಯಲ್ಲಿ ಹೋಗುತ್ತಿದ್ದ ಅಂಚೆಯವನೂ ಕೈ ಕೊಡಬೇಕಾಯಿತು. ಇಳಿಯುವಾಗ "ಸಲೀಸು" ಹೇಗಿತ್ತೆಂದರೆ ಸಾಹೇಬರ ಕಾರಿನ ಬಂಪರ್ ಇಲ್ಲದಿದ್ದರೆ ರಸ್ತೆ ಸೇರುತ್ತಿದ್ದೆ.

ಆ ಹದಿನಾಲ್ಕು ಸಾಲಿನಲ್ಲಿ ಏನೇನಿತ್ತು? ಓದಿದೆಯಾ, ಇಲ್ಲ ಬರೀ ಗುರುತು ಹಾಕಿದೆಯಾ?

ತಮ್ಮ

ಮೇ ೬

ವಿಶೇಷಚೇತನರ ಕಲ್ಯಾಣ ಕಚೇರಿ
ವಿಷಯ: ಸ್ವಾವಲಂಬನೆ ಮರುಪರಿಶೀಲನೆ, ಸಹಾಯಕರ ಭತ್ಯೆ ಕುರಿತು

ಮಾನ್ಯರೇ,

ಸಹಾಯಕರ ಭತ್ಯೆ ಪಡೆಯುತ್ತಿರುವ ಫಲಾನುಭವಿಗಳ ದಾಖಲೆಗಳನ್ನು ಈ ಸಾಲಿನಲ್ಲಿ ಮರುಪರಿಶೀಲಿಸಲಾಗಿರುತ್ತದೆ. ಈ ಕಚೇರಿಯ ಇಳಿಜಾರಿಗೆ ಸಂಬಂಧಿಸಿದ ಪೂರ್ಣತಾ ಪ್ರಮಾಣಪತ್ರದ ಹನ್ನೊಂದನೆಯ ಸಾಲಿನಲ್ಲಿ "ಬಳಕೆದಾರನು ಯಾರ ನೆರವೂ ಇಲ್ಲದೆ ಏರಿದನು" ಎಂದು ಗುತ್ತಿಗೆದಾರರು ದೃಢೀಕರಿಸಿರುತ್ತಾರೆ. ವಾರ್ಷಿಕ ಪುಸ್ತಿಕೆಯ ಮುಖಪುಟದ ಛಾಯಾಚಿತ್ರವೂ ಇದನ್ನು ಪುಷ್ಟೀಕರಿಸುತ್ತದೆ. ಸದರಿ ಬಳಕೆದಾರರು ತಾವೇ ಆಗಿರುವುದರಿಂದ ತಮಗೆ ಸಹಾಯಕರ ಅಗತ್ಯ ಇರುವುದಿಲ್ಲವೆಂದು ತೀರ್ಮಾನಿಸಿ, ಜೂನ್ ಒಂದರಿಂದ ಭತ್ಯೆಯನ್ನು ನಿಲ್ಲಿಸಲಾಗಿದೆ. ಸದರಿ ಪ್ರಮಾಣಪತ್ರ ಊರ್ಜಿತದಲ್ಲಿರುವವರೆಗೆ ಯಾವುದೇ ಆಕ್ಷೇಪಣೆಯನ್ನು ಪರಿಗಣಿಸಲಾಗುವುದಿಲ್ಲ.

ತಾವು ಸಾಧಿಸಿದ ಸ್ವಾವಲಂಬನೆಗೆ ಇಲಾಖೆಯ ಅಭಿನಂದನೆಗಳು. ಪುಸ್ತಿಕೆಯ ಒಂದು ಪ್ರತಿ ಲಗತ್ತಿಸಿದೆ.

ಉಪನಿರ್ದೇಶಕರು

ಮೇ ೯

ಅಕ್ಕ,

ಕಚೇರಿಯಿಂದ ಬಂದ ಕಾಗದ ಇದರೊಳಗಿದೆ. ಹನ್ನೊಂದನೆಯ ಸಾಲು ಏನೆಂದು ಈಗ ಇಬ್ಬರಿಗೂ ಗೊತ್ತಾಯಿತು.

ಇವರ ಬುದ್ಧಿಯನ್ನು ಮೆಚ್ಚಬೇಕು. ಹನ್ನೊಂದು ವರ್ಷದಲ್ಲಿ ನಾಲ್ಕು ಸಲ ನನ್ನನ್ನು ಡಾಕ್ಟರುಗಳ ಮುಂದೆ ಮಲಗಿಸಿ, ಸೂಜಿ ಚುಚ್ಚಿ, ಕಾಲಿಗೆ ಸುತ್ತಿಗೆಯಲ್ಲಿ ಬಡಿದು, ಇವನಿಗೆ ಸೊಂಟದ ಕೆಳಗೆ ಏನೂ ಇಲ್ಲ ಎಂದು ಬರೆದುಕೊಂಡರು. ಆ ನಾಲ್ಕೂ ವರದಿಯನ್ನು ಒಂದು ಫೋಟೊ ಹೊಡೆದು ಹಾಕಿತು. ನಮ್ಮನ್ನು ಕರೆಯುವ ಹೆಸರನ್ನು ಅವರು ನಾಲ್ಕು ವರ್ಷಕ್ಕೊಮ್ಮೆ ಬದಲಾಯಿಸುತ್ತಾರೆ, ಪ್ರತಿ ಸಲವೂ ಹಿಂದಿನದಕ್ಕಿಂತ ಮರ್ಯಾದೆಯ ಹೆಸರು. ಮೆಟ್ಟಿಲು ಮಾತ್ರ ಅಷ್ಟೇ ಇರುತ್ತವೆ.

ವಿಷಯಕ್ಕೆ ಬರುತ್ತೇನೆ. ತಿಂಗಳಿಗೆ ಆರು ಸಾವಿರ, ಅಷ್ಟೂ ಕ್ರೇನಮ್ಮನಿಗೆ ಹೋಗುತ್ತದೆ. ಅವಳು ಬಂದರೆ ನಾನು ಬೆಳಿಗ್ಗೆ ಏಳುತ್ತೇನೆ, ಅಂಗಡಿ ತೆಗೆಯುತ್ತೇನೆ, ತಕ್ಕಡಿ ರಿಪೇರಿ ಮಾಡುತ್ತೇನೆ, ಬಾಡಿಗೆ ಕಟ್ಟುತ್ತೇನೆ. ಬಾರದಿದ್ದರೆ ಹಾಸಿಗೆಯಲ್ಲಿ ಮಲಗಿ ಸೂರಿನ ಜಂತಿ ಎಣಿಸುತ್ತೇನೆ. ನಡುವೆ ಇನ್ನೊಂದಿಲ್ಲ.

ಸರ್ಕಾರದ ಆಶ್ರಯ ಭವನಕ್ಕೆ ಸೇರಬಹುದಲ್ಲ ಎಂದು ಕಚೇರಿಯವರು ಹೇಳಿದರು. ಅಲ್ಲಿಯ ಅಡುಗೆಮನೆಯ ತೂಕದ ಯಂತ್ರ ರಿಪೇರಿ ಮಾಡಿದವನು ನಾನೇ. ಎಂಟುನೂರು ಗ್ರಾಂ ಇಟ್ಟರೆ ಒಂದು ಕಿಲೋ ತೋರಿಸುತ್ತಿತ್ತು. ಸರಿಮಾಡಿ ಕೊಟ್ಟೆ, ಮೇಲ್ವಿಚಾರಕ ಮುಖ ಸಿಂಡರಿಸಿಕೊಂಡು, "ಮೊದ್ಲಿದ್ದ ಹಾಗೇ ಇಟ್ಬಿಡಿ" ಅಂದ. ಇನ್ನು ನಿನ್ನ ಮನೆಯ ಹಿಂಬದಿಯ ಕೋಣೆ. ನೀನು ಕೇಳುವ ಮುಂಚೆಯೇ ಹೇಳಿಬಿಡುತ್ತೇನೆ, ಬೇಡ.

ಆ ಪ್ರಮಾಣಪತ್ರ ವಾಪಸ್ ತೆಗೆದುಕೊ. ಅಷ್ಟೇ ಕೆಲಸ.

ತಮ್ಮ

ಮೇ ೧೫

ತಮ್ಮಾ,

ನಿನ್ನೆ ನಿಮ್ಮೂರಿಗೆ ಬಂದಿದ್ದೆ. ಕಚೇರಿಗೆ ಹೋಗಿ, ಮಾತಾಡಿ, ಐದು ಗಂಟೆಯ ಬಸ್ಸಿಗೆ ತಿರುಗಿ ಬಂದೆ. ನಿನ್ನ ಅಂಗಡಿಯ ಬೀದಿಯ ತುದಿಯವರೆಗೆ ಬಂದು ಹೊತ್ತಾಯಿತೆಂದು ಹಿಂದಕ್ಕೆ ಹೋದೆ.

ಗುಮಾಸ್ತೆ ಒಳ್ಳೆಯ ಹೆಂಗಸು, ಅವಳಿಗೆ ಎಲ್ಲ ಗೊತ್ತು. ಕನ್ನಡಕ ತೆಗೆದು ಒರೆಸುತ್ತ ಹೇಳಿದಳು, "ನೋಡಿ ಅಕ್ಕಾ, ಇಳಿಜಾರು ಸರಿ ಇದ್ರೆ ನಿಮ್ಮ ತಮ್ಮ ಸರಿ ಇದ್ದಾನೆ. ತಮ್ಮ ಸರಿ ಇಲ್ಲ ಅಂದ್ರೆ ಇಳಿಜಾರು ಸರಿ ಇಲ್ಲ. ಎರಡರಲ್ಲಿ ಯಾವ್ದು ಸರಿ ಇಲ್ಲ ಹೇಳಿ, ಅದನ್ನ ಬರ್ಕೊತೀನಿ."

"ಎರಡೂ ಇದ್ದ ಹಾಗೇ ಇರ್ಲಿ ಅಂದ್ರೆ?"

"ಹಾಗಂತ ಬರೆಯೋಕೆ ಕಾಲಂ ಇಲ್ವಲ್ಲ."

ನೆರಳು ಸಾಹೇಬರ ಕೋಣೆಗೆ ಹೋದೆ. ಗೋಡೆಯ ಮೇಲೆ ನೀನೇ, ಕಟ್ಟು ಹಾಕಿಸಿ ನೇತುಹಾಕಿದ್ದಾರೆ. ಎದ್ದು ಬಂದು ಕೈ ಮುಗಿದರು, ಕೂರಿಸಿದರು, ಟೀ ತರಿಸಿದರು. "ನಿಮ್ಮ ತಮ್ಮ ನಮಗೆ ದೊಡ್ಡ ಸ್ಫೂರ್ತಿ ಅಮ್ಮಾ. ಭತ್ಯೆ ನಿಂತಿದ್ದಕ್ಕೆ ಬೇಜಾರು ಮಾಡ್ಕೋಬಾರ್ದು, ಅದು ಅವರ ಯಶಸ್ಸು" ಅಂದರು. ಸ್ಫೂರ್ತಿಯನ್ನು ಬೆಳಿಗ್ಗೆ ಹಾಸಿಗೆಯಿಂದ ಎತ್ತುವವರು ಯಾರು ಸಾರ್ ಎಂದು ಕೇಳಿದೆ. ಅದು ಬೇರೆ ವಿಭಾಗಕ್ಕೆ ಬರುತ್ತದಂತೆ.

ಈಗ ನನ್ನ ಕಡೆಯದನ್ನೂ ಕೇಳು. ಪ್ರಮಾಣಪತ್ರ ಸುಳ್ಳೆಂದು ನಾನೇ ಬರೆದುಕೊಟ್ಟರೆ ಬಿಲ್ಲಿನ ಹಣ ಪೂರ್ತಿ ವಾಪಸ್ ಕಟ್ಟಬೇಕು. ಅದು ಹೋದರೆ ಹೋಗಲಿ. ಗುತ್ತಿಗೆ ನೋಂದಣಿ ಮೂರು ವರ್ಷ ರದ್ದಾಗುತ್ತದೆ. ಶೆಡ್ಡಿನಲ್ಲಿ ಹನ್ನೊಂದು ಜನ ಇದ್ದಾರೆ, ಅರ್ಧ ಕೆಲಸ ಸರ್ಕಾರದ್ದು. ಅವರ ಮನೆಗಳ ಒಲೆಯನ್ನು ಒಂದು ಗುರುತಿಗಾಗಿ ಆರಿಸುವುದೇ?

ನನ್ನ ಲೆಕ್ಕ ಸರಳವಾಗಿದೆ. ಸರ್ಕಾರ ಆರು ಕೊಡುತ್ತಿತ್ತು, ನಾನು ತಿಂಗಳಿಗೆ ಏಳು ಕಳಿಸುತ್ತೇನೆ. ನೀನು ಇದ್ದಲ್ಲೇ ಇರು, ಕ್ರೇನಮ್ಮ ಬರಲಿ, ಅಂಗಡಿ ನಡೆಯಲಿ. ನಿನಗೂ ನಷ್ಟವಿಲ್ಲ, ನನಗೂ ನಷ್ಟವಿಲ್ಲ, ಅವರ ಮುಖ ನೋಡುವುದೂ ತಪ್ಪುತ್ತದೆ. ಮೊದಲ ತಿಂಗಳದ್ದು ಇವತ್ತೇ ಮನಿಯಾರ್ಡರ್ ಮಾಡಿದ್ದೇನೆ.

ಅಕ್ಕ

ಮೇ ೨೨

ಅಕ್ಕ,

ಮನಿಯಾರ್ಡರ್ ಹಿಂದಕ್ಕೆ ಕಳಿಸಿದೆ. ಅಂಚೆಯವನು ತಲೆ ಕೆರೆದುಕೊಂಡ, ದುಡ್ಡು ಬೇಡ ಅನ್ನುವವರನ್ನು ಅವನು ಕಂಡದ್ದಿಲ್ಲವಂತೆ.

ನೀನು ಒಳ್ಳೆಯವಳು, ಏಳು ಸಾವಿರ ಕೊಡುತ್ತೀಯ. ಶೆಡ್ಡಿನಲ್ಲಿ ಕೆಲಸ ಕಡಿಮೆಯಾದ ತಿಂಗಳು ಐದು ಕೊಡುತ್ತೀಯ. ಭಾವನಿಗೆ ಆಪರೇಶನ್ ಆದ ತಿಂಗಳು, ಮಗಳ ಮದುವೆಯ ವರ್ಷ, ನಾನೇ ಬೇಡ ಅನ್ನಬೇಕಾಗುತ್ತದೆ. ಪ್ರತಿ ತಿಂಗಳೂ ನಿನ್ನ ಕಾಗದದ ದನಿ ನೋಡಿ ಈ ಸಲ ಎಷ್ಟಿರಬಹುದೆಂದು ಅಂದಾಜು ಮಾಡುತ್ತ ಕೂರಬೇಕು. ಆ ಕಚೇರಿಯವರಂಥ ಕತ್ತೆಗಳ ಮುಂದೆಯೂ ನಾನು ತಲೆ ಎತ್ತಿ ಮಾತಾಡುತ್ತೇನೆ, ಯಾಕೆಂದರೆ ಅವರ ಹತ್ತಿರ ಕೇಳುವುದು ನನ್ನದನ್ನು. ನಿನ್ನ ಹತ್ತಿರ ಹಾಗಲ್ಲ.

ಇನ್ನೊಂದು ಮಾತು. ನನ್ನ ಬಗ್ಗೆ ನೀನು ಸಹಿ ಹಾಕಿದ ಸುಳ್ಳು ಕಾಗದ ಇದು ಎರಡನೆಯದು.

ನಾವಿಬ್ಬರೂ ಮೊದಲನೆಯದರ ಸುದ್ದಿ ಎತ್ತುವುದಿಲ್ಲ, ಇಪ್ಪತ್ತೆರಡು ವರ್ಷದಿಂದ ಎತ್ತಿಲ್ಲ. ಆ ಗೋದಾಮಿನ ಸೂರಿನಿಂದ ಬಿದ್ದ ದಿನ ನಾನು ಬೆಳಿಗ್ಗೆ ಆರರಿಂದ ಅದರ ಮೇಲಿದ್ದೆ. ಫಿಟ್ಟರ್ ಬರಲಿಲ್ಲವೆಂದು ಹತ್ತಿಸಿದವಳು ನೀನು. ಹಗ್ಗ ಇರಲಿಲ್ಲ, ಯಾಕೆಂದರೆ ಇದ್ದ ಒಂದು ಹಗ್ಗ ಇನ್ನೊಂದು ಕೆಲಸಕ್ಕೆ ಹೋಗಿತ್ತು. ಕಾರ್ಮಿಕ ಇಲಾಖೆಗೆ ನೀನು ಬರೆದುಕೊಟ್ಟದ್ದು: "ನನ್ನ ತಮ್ಮನು ಕೆಲಸದವನಲ್ಲ. ಊಟದ ಡಬ್ಬಿ ಕೊಡಲು ಬಂದವನು ತನ್ನಿಷ್ಟಕ್ಕೆ ತಾನು ಹತ್ತಿದನು." ಅವತ್ತು ನಾನು ಆಸ್ಪತ್ರೆಯಲ್ಲಿ ಮಲಗಿದ್ದೆ, ನೀನು ನನ್ನ ಬೆರಳಿನ ಗುರುತನ್ನೂ ಅದಕ್ಕೆ ಒತ್ತಿಸಿಕೊಂಡು ಹೋದೆ. ಶೆಡ್ಡು ಉಳಿಯಿತು.

ಆಮೇಲೆ ನಾಲ್ಕು ವರ್ಷ ಹಿಂಬದಿಯ ಕೋಣೆಯಲ್ಲಿ ನನ್ನನ್ನು ಎತ್ತಿ ಇಳಿಸಿದವಳೂ ನೀನೇ. ಅದಕ್ಕೇ ಸುಮ್ಮನಿದ್ದೆ. ಒಂದು ಸಲ ಸುಮ್ಮನಿದ್ದವನು ಎರಡನೆಯ ಸಲವೂ ಇರುತ್ತಾನೆಂದು ನೀನು ಅಂದುಕೊಂಡದ್ದು ನಿನ್ನ ತಪ್ಪಲ್ಲ, ಅಭ್ಯಾಸ ಮಾಡಿಸಿದವನು ನಾನು.

ಇನ್ನು ಕಾಗದ ಬರೆಯುವುದಿಲ್ಲ.

ತಮ್ಮ

ಜೂನ್ ೧೬

ಅಕ್ಕನೋರಿಗೆ,

ನಾನು ನಿಮ್ಮ ತಮ್ಮನ ಮನೆಗೆ ಬರೋಳು. ಬರೆಯೋದು ಅಷ್ಟಾಗಿ ರೂಢಿ ಇಲ್ಲ, ತಪ್ಪಿದ್ರೆ ನೀವೇ ತಿದ್ಕೊಳಿ.

ಒಂದನೇ ತಾರೀಕಿಂದ ಬರಬೇಡ ಅಂದ್ರು. ನಾನು ಬೆಳಿಗ್ಗೆ ಬರ್ತಾ ಇದ್ದೀನಿ. ಪುಣ್ಯಕ್ಕಲ್ಲ, ಕಾಲು ತಂತಾನೆ ಈ ಕಡೆ ಬರತ್ತೆ. ಸಂಜೆ ಬೇರೆ ಮನೆ ಒಪ್ಕೊಂಡಿದ್ದೀನಿ, ನಂಗೂ ಮಕ್ಕಳಿದ್ದಾವೆ. ಹಂಗಾಗಿ ಸಂಜೆ ಅವರನ್ನ ಹಾಸಿಗೆಗೆ ಹಾಕೋರಿಲ್ಲ. ಕೂತಲ್ಲೇ ಬೆಳಗು ಮಾಡ್ತಾರೆ. ಕೇಳಿದ್ರೆ, ಸೊಗಸಾಗಿ ನಿದ್ದೆ ಬಂತು ಅಂತಾರೆ. ನಿಮ್ಮ ದಿಂಬು ಹರಿದೋಯ್ತು. ಬೆನ್ನ ಕೆಳಗೆ ಹುಣ್ಣಾಗಿದೆ, ನನ್ನ ಅಂಗೈಯಷ್ಟಿದೆ. ಅವರಿಗೆ ನೋವು ಗೊತ್ತಾಗಲ್ಲ, ವಾಸನೆ ನಂಗೆ ಗೊತ್ತಾಗತ್ತೆ. ದವಾಖಾನೆ ನರ್ಸು ನೋಡಿ, ಹಿಂಗೇ ಕೂತ್ರೆ ಮೂಳೆಗಿಳಿಯತ್ತೆ ಅಂದ್ರು.

ಅಂಗಡಿಗೆ ಬಂದೋರು ಪುಸ್ತಕದ ಫೋಟೊ ತೋರಿಸಿ ಶಭಾಷ್ ಅಂತಾರೆ. ಇವರು ನಗ್ತಾರೆ.

ನಾನು ಬರೆದಿದ್ದು ಅವರಿಗೆ ಗೊತ್ತಿಲ್ಲ. ದುಡ್ಡು ಕಳಿಸ್ಬೇಡಿ, ವಾಪಸ್ ಬರತ್ತೆ. ಅವರಿಗೇನು ಬೇಕೋ ನಿಮಗೆ ಗೊತ್ತಂತೆ.

ಕ್ರೇನಮ್ಮ

ಜೂನ್ ೧೮

ಉಪನಿರ್ದೇಶಕರಿಗೆ,

ತಮ್ಮ ಕಚೇರಿಯ ಇಳಿಜಾರಿಗೆ ನಾನು ಕೊಟ್ಟ ಪೂರ್ಣತಾ ಪ್ರಮಾಣಪತ್ರವನ್ನು ಈ ಮೂಲಕ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಹನ್ನೊಂದನೆಯ ಸಾಲಿನ ಮುಂದೆ ಹಾಕಿದ ಗುರುತು ಸುಳ್ಳು. ಬಳಕೆದಾರನನ್ನು ನಾನು ತಳ್ಳಿದೆ. ಫೋಟೊ ತೆಗೆಯುವಾಗ ತಾವು ತರಿಸಿದ ಹೂಕುಂಡದ ಹಿಂದೆ ಅಡಗಿ ಕೂತಿದ್ದೆ, ನನ್ನ ಬೂಟು ತಮ್ಮ ಮುಖಪುಟದಲ್ಲೇ ಇದೆ. ತಮ್ಮ ಕೋಣೆಯ ಗೋಡೆಯ ಮೇಲಿನ ಚಿತ್ರದಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ, ಹತ್ತಿರ ಹೋಗಿ ನೋಡಿ.

ಒಂಬತ್ತು ಮೀಟರ್ ಇರಬೇಕಾದದ್ದು ನಾಲ್ಕಾದದ್ದು ತಮ್ಮ ಮಾತಿನ ಮೇಲೆ. ಇದಕ್ಕೆ ತಮ್ಮ ಸಹಿ ಇಲ್ಲ, ನನಗೆ ಗೊತ್ತು. ಮೂವತ್ತು ವರ್ಷ ಕುರ್ಚಿಯಲ್ಲಿ ಕೂತವರು ಬಾಯಲ್ಲಿ ಹೇಳುವುದನ್ನು ಬಾಯಲ್ಲೇ ಹೇಳುತ್ತಾರೆ. ತಪ್ಪು ಬರಹದಲ್ಲಿರುವುದು ನನ್ನದೊಬ್ಬಳದೇ, ಶಿಕ್ಷೆಯೂ ನನಗೊಬ್ಬಳಿಗೇ ಬರಲಿ, ತಕರಾರಿಲ್ಲ. ಬಿಲ್ಲಿನ ತೊಂಬತ್ತಾರು ಸಾವಿರದ ಡಿಡಿ ಲಗತ್ತಿಸಿದ್ದೇನೆ.

ಆ ಇಳಿಜಾರನ್ನು ಏರಬಹುದೆಂದು ತಾವು ನಂಬಿದ್ದರೆ ಒಂದು ದಿನ ಗಾಲಿಕುರ್ಚಿ ತರಿಸಿ ತಾವೇ ಕೂತು ಏರಿ. ಕುರ್ಚಿಯ ಬಾಡಿಗೆ ನಾನು ಕೊಡುತ್ತೇನೆ. ಕೈ ಎತ್ತುವುದು ಬೇಡ.

ಪ್ರಮಾಣಪತ್ರ ಊರ್ಜಿತದಲ್ಲಿ ಇಲ್ಲದಿರುವುದರಿಂದ ನನ್ನ ತಮ್ಮನ ಭತ್ಯೆ ನಿಲ್ಲಿಸಿದ ಆದೇಶಕ್ಕೂ ಕಾಲಿಲ್ಲ. ಅದನ್ನು ಈ ವಾರವೇ ರದ್ದು ಮಾಡಿ. ಅವನಿಗೆ ಹುಣ್ಣಾಗಿದೆ. ಅದರ ಫೋಟೊವನ್ನೂ ಕಳಿಸಬಲ್ಲೆ, ಮುಖಪುಟಕ್ಕೆ ಬೇಕಾದರೆ.

ಗುತ್ತಿಗೆದಾರಳು

ಜುಲೈ ೨

ವಿಶೇಷಚೇತನರ ಕಲ್ಯಾಣ ಕಚೇರಿ
ವಿಷಯ: ಇಳಿಜಾರಿನ ವರ್ಗ ಬದಲಾವಣೆ ಕುರಿತು

ಮಾನ್ಯರೇ,

ತಮ್ಮ ಪತ್ರವನ್ನು ಪರಿಶೀಲಿಸಲಾಗಿದೆ. ತಾವು ಹಿಂದಿರುಗಿಸಿದ ಮೊತ್ತವನ್ನು ಸ್ವೀಕರಿಸಲಾಗಿದೆ. ತಮ್ಮ ಗುತ್ತಿಗೆ ನೋಂದಣಿಯನ್ನು ಮೂರು ವರ್ಷಗಳ ಅವಧಿಗೆ ರದ್ದುಪಡಿಸಲಾಗಿದೆ.

ಸದರಿ ಇಳಿಜಾರನ್ನು ಕೆಡವುವ ಅಗತ್ಯ ಕಂಡುಬರುವುದಿಲ್ಲ. ಅದನ್ನು "ನೆರವಿನೊಂದಿಗೆ ಏರಬಹುದಾದ ಇಳಿಜಾರು" ಎಂಬ ಹೊಸ ವರ್ಗಕ್ಕೆ ಸೇರಿಸಲಾಗಿದೆ. ಈ ವರ್ಗದಲ್ಲಿ ಈ ಕಚೇರಿಯು ಶೇಕಡ ನೂರರಷ್ಟು ಗುರಿ ಸಾಧಿಸಿದ ಮೊದಲ ಕಚೇರಿಯಾಗಿರುತ್ತದೆ.

ಸದರಿ ಇಳಿಜಾರಿಗೆ ನೆರವು ಅಗತ್ಯವಾಗಿರುವುದರಿಂದ ಸದರಿ ಬಳಕೆದಾರರಿಗೂ ನೆರವು ಅಗತ್ಯವೆಂದು ಪರಿಗಣಿಸಿ, ಜುಲೈ ಒಂದರಿಂದ ಸಹಾಯಕರ ಭತ್ಯೆಯನ್ನು ಮಂಜೂರು ಮಾಡಲಾಗಿದೆ. ಜೂನ್ ತಿಂಗಳಲ್ಲಿ ಸದರಿಯವರು ದಾಖಲೆಗಳ ಪ್ರಕಾರ ಸ್ವಾವಲಂಬಿಯಾಗಿದ್ದುದರಿಂದ ಆ ತಿಂಗಳ ಭತ್ಯೆ ಬರುವುದಿಲ್ಲ.

ಉಪನಿರ್ದೇಶಕರು

ಜುಲೈ ೧೨

ಅಕ್ಕ,

ಬರೆಯುವುದಿಲ್ಲ ಎಂದಿದ್ದೆ, ಬರೆಯುತ್ತಿದ್ದೇನೆ. ಆದೇಶ ಬಂತು. ಕ್ರೇನಮ್ಮ ಸಂಜೆಯ ಮನೆ ಬಿಟ್ಟು ಬಂದಿದ್ದಾಳೆ. ಎಂಟು ದಿನದಿಂದ ಬೋರಲು ಮಲಗಿದ್ದೇನೆ, ಇದನ್ನೂ ಹಾಗೇ ಮಲಗಿಕೊಂಡು ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದೆ. ಹುಣ್ಣು ಮೂಳೆಗಿಳಿದಿಲ್ಲ. ನರ್ಸು ಇನ್ನೂ ಎರಡು ತಿಂಗಳು ಅನ್ನುತ್ತಾಳೆ.

ಅವರ ಕಾಗದದ ನಕಲನ್ನು ನಾನು ಮೂರು ಸಲ ಓದಿದೆ. ಇಳಿಜಾರಿಗೆ ನೆರವು ಬೇಕು, ಆದ್ದರಿಂದ ನನಗೂ ನೆರವು ಬೇಕು. ಇಪ್ಪತ್ತೆರಡು ವರ್ಷದಿಂದ ನನ್ನ ಬೆನ್ನುಮೂಳೆ ಸಾರಿ ಸಾರಿ ಹೇಳುತ್ತಿದ್ದುದನ್ನು ನಿನ್ನ ಒಂದು ಟನ್ ಕಬ್ಬಿಣ ಹೇಳಿದ ಮೇಲೆ ನಂಬಿದರು. ಜೂನಿನಲ್ಲಿ ಸ್ವಾವಲಂಬಿಯಾಗಿದ್ದೆನಂತೆ. ಅಷ್ಟು ಒಳ್ಳೆಯ ತಿಂಗಳನ್ನು ನಾನು ಗಮನಿಸದೆ ಕಳೆದೆ.

ಪುಸ್ತಿಕೆ ಎರಡನೆಯ ಸಲ ಅಚ್ಚಾಗುತ್ತಿದೆ. ಅದೇ ಫೋಟೊ, ಕೆಳಗಿನ ಸಾಲು ಮಾತ್ರ ಬೇರೆ. ನಿನ್ನ ಬೂಟನ್ನು ಹಾಗೇ ಉಳಿಸಿಕೊಂಡಿದ್ದಾರೆ, ಈ ಸಲ ಅದೇ ನೆರವು.

ನಿನ್ನ ಶೆಡ್ಡಿನವರ ವಿಷಯ ಗುಮಾಸ್ತೆ ಹೇಳಿದಳು. ಎಷ್ಟು ಜನರನ್ನು ಬಿಡಬೇಕಾಯಿತು? ನೀನು ಕೆಟ್ಟ ಮಾತು ಬರೆದರೂ ಓದುತ್ತೇನೆ, ಬರಿ.

ತಮ್ಮ

ಆಗಸ್ಟ್ ೪

ತಮ್ಮಾ,

ನಾಲ್ವರನ್ನು ಬಿಟ್ಟೆ. ಇಬ್ಬರು ಮುಖಕ್ಕೆ ಹೇಳಿದರು, "ನಿಮ್ ತಮ್ಮನ್ ಕಾಲಿಗೆ ನಮ್ ಹೊಟ್ಟೆ ಯಾಕಕ್ಕಾ" ಅಂತ. ತಪ್ಪೇನಿಲ್ಲ. ನಾನೂ ಮೇ ತಿಂಗಳಲ್ಲಿ ನಿನಗೆ ಅದನ್ನೇ ಬರೆದಿದ್ದೆ, ಇನ್ನೂ ನಯವಾಗಿ. ಉಳಿದ ಏಳು ಜನ ಕಿಟಕಿಯ ಸರಳು, ಅಂಗಡಿಯ ಶಟರು ಮಾಡಿಕೊಂಡಿದ್ದಾರೆ.

ಕಾರ್ಮಿಕ ಇಲಾಖೆಗೆ ಹೋಗಿದ್ದೆ. ಆ ಮೊದಲನೆಯ ಕಾಗದವನ್ನೂ ವಾಪಸ್ ತೆಗೆದುಕೊಳ್ಳುತ್ತೇನೆಂದು ಹೇಳಿದೆ. ಗುಮಾಸ್ತ ಕಡತ ಹುಡುಕಿ ಬಂದು, "ಹತ್ತು ವರ್ಷ ಆದ್ಮೇಲೆ ಸುಟ್ಬಿಡ್ತೀವಮ್ಮ, ಇಲ್ಲದ್ದನ್ನ ಹೆಂಗೆ ವಾಪಸ್ ಕೊಡೋದು?" ಅಂದ. ಹಾಗಾದರೆ ಹೊಸದಾಗಿ ಬರೆದುಕೊಡುತ್ತೇನೆ ಅಂದೆ. ಯಾವ ಕಡತಕ್ಕೆ ಸೇರಿಸೋದು ಅಂತ ಅವನಿಗೆ ತಿಳಿಯಲಿಲ್ಲ. ಅವರು ತೆಗೆದುಕೊಳ್ಳದಿದ್ದರೆ ನೀನು ತೆಗೆದುಕೊ: ಅವತ್ತು ನನ್ನ ತಮ್ಮ ಊಟ ತಂದಿರಲಿಲ್ಲ. ಬೆಳಿಗ್ಗೆ ಆರರಿಂದ ಕೆಲಸದಲ್ಲಿದ್ದ. ಹತ್ತಿಸಿದವಳು ನಾನು. ಹಗ್ಗ ಕೊಟ್ಟಿರಲಿಲ್ಲ. ಅವನ ಬೆರಳಿನ ಗುರುತು ಒತ್ತಿಸಿದಾಗ ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ.

ಇದಕ್ಕೆ ನೀನು ಉತ್ತರ ಬರೆಯಬೇಕಾಗಿಲ್ಲ.

ನೆರಳು ಸಾಹೇಬರಿಗೆ ಬಡ್ತಿ ಬಂದ ಸುದ್ದಿ ನಿನಗೂ ಗೊತ್ತಿರಬೇಕು. ಇನ್ನು ರಾಜ್ಯದ ಎಲ್ಲ ಕಚೇರಿಗಳ ಇಳಿಜಾರನ್ನೂ ಅವರೇ ನೋಡಿಕೊಳ್ಳುತ್ತಾರಂತೆ. ನನಗೆ ಸುಮ್ಮನೆ ಕೂತರೆ ಆಗುವುದಿಲ್ಲ, ಕೂತು ಪಟ್ಟಿ ಮಾಡಿದೆ. ಯಾರಿಗೆ ಏನು ಸಿಕ್ಕಿತು ಎಂದು.

ಸಾಹೇಬರಿಗೆ, ಬಡ್ತಿ ಒಂದು, ಕಾರಿಗೆ ನೆರಳು.

ಇಲಾಖೆಗೆ, ಒಂದು ಇಳಿಜಾರು, ಅದೂ ಪುಕ್ಕಟೆ. ಎರಡು ಪಟ್ಟಿಯಲ್ಲಿ ಎರಡು ಸಲ ಲೆಕ್ಕಕ್ಕೆ.

ಫೋಟೊದವನಿಗೆ, ಎರಡನೆಯ ಮುದ್ರಣದ ದುಡ್ಡು.

ಗಾಲಿಕುರ್ಚಿಯಲ್ಲಿ ಆ ಕಚೇರಿಗೆ ಬರುವ ಮಿಕ್ಕವರಿಗೆ, ಏನೂ ಇಲ್ಲ. ಅಂಚೆಯವನು ಆ ದಾರಿಯಲ್ಲಿ ಬಂದರೆ ಅವನು.

ಬಿಟ್ಟ ನಾಲ್ವರಿಗೆ, ಒಂದೊಂದು ತಿಂಗಳ ಸಂಬಳ, ನನ್ನ ಮೇಲೆ ಸಿಟ್ಟು.

ಕ್ರೇನಮ್ಮನಿಗೆ, ಮೊದಲಿನ ಕೆಲಸ, ಮೊದಲಿನ ಸಂಬಳ. ಜೂನ್ ತಿಂಗಳ ದುಡ್ಡು ನಾನು ಕೊಟ್ಟರೆ ಬೇಡವೆಂದಳು.

ನನಗೆ, ಮೂರು ವರ್ಷ ಸರ್ಕಾರಿ ಕೆಲಸವಿಲ್ಲ. ಅವರಿಗೆ ಟೀ ತರಿಸುವ ಖರ್ಚೂ ಇಲ್ಲ.

ನಿನಗೆ, ಮೊದಲು ಏನಿತ್ತೋ ಅದೇ, ಒಂದು ತಿಂಗಳು ಕಡಿಮೆ.

ಅಕ್ಕ